ನೆಟೆ ಹತ್ತಿದ ವರ್ಷ: ಆಳಂದ ತಾಲ್ಲೂಕಿನ ಒಬ್ಬ ರೈತರ ಪ್ರಕರಣ

ಇದು 2022–23ರ ಹಂಗಾಮಿನ ಪ್ರಕರಣ. ಗುರುತು ಸಿಗಬಾರದೆಂದು ಊರಿನ ಹೆಸರು ಬಿಟ್ಟಿದ್ದೇನೆ, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಆಪ್ತಸಮಾಲೋಚಕಿಯಾಗಿ ನಾನು ಅವರನ್ನು ಕಾಕಾ ಎಂದೂ ಅವರ ಹೆಂಡತಿಯನ್ನು ಕಾಕು ಎಂದೂ ಕರೆಯುತ್ತಿದ್ದೆ. ಇಲ್ಲಿಯೂ ಹಾಗೇ ಬರೆಯುತ್ತೇನೆ.

ಡಿಸೆಂಬರ್ ಮೊದಲ ವಾರದ ಮಂಗಳವಾರ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಅದು. ಆದರೆ ಕಾಕಾ ಮನೋವೈದ್ಯರನ್ನು ಹುಡುಕಿಕೊಂಡು ಬಂದಿರಲಿಲ್ಲ. ಎದೆ ಉರಿಯುತ್ತದೆ, ತಲೆ ಭಾರ, ಹಸಿವಿಲ್ಲ ಎಂದು ಸಾಮಾನ್ಯ ವೈದ್ಯರ ಸಾಲಿನಲ್ಲಿ ನಿಂತಿದ್ದರು. ಇಸಿಜಿ ಸರಿಯಿತ್ತು; ಬಿಪಿ, ಶುಗರ್ ಸರಿಯಿದ್ದವು. ವೈದ್ಯರು ಚೀಟಿಯ ಹಿಂದೆ ನನ್ನ ಕೋಣೆಯ ನಂಬರ್ ಬರೆದು ಕಳಿಸಿದರು. ನಮ್ಮ ಕಡೆ ಮನಸ್ಸಿನ ಬೇನೆ ಬಹಳಷ್ಟು ಸಲ ಹೀಗೆ ಎದೆ, ಹೊಟ್ಟೆ, ತಲೆಯ ದಾರಿ ಹಿಡಿದೇ ಆಸ್ಪತ್ರೆಗೆ ಬರುತ್ತದೆ. ಆ ಚೀಟಿ ಬರೆದ ವೈದ್ಯರಿಗೆ ನಾನು ಋಣಿ. ಗ್ಯಾಸಿನ ಗುಳಿಗೆ ಕೊಟ್ಟು ಕಳಿಸಿದ್ದರೆ ಕಾಕಾ ಮತ್ತೆ ಬರುತ್ತಿರಲಿಲ್ಲ.

ಮಾತಾಡಿದ್ದು ಕಾಕು. “ತಿಂಗಳ ಮ್ಯಾಲಾತ್ರಿ ಮೇಡಂ, ಉಂಡ್ರ ಉಂಡ್ರು, ಇಲ್ಲಾಂದ್ರ ಇಲ್ಲ. ನಸಿಕಿನ್ಯಾಗ ಮೂರಕ್ಕ ಎದ್ದು ಗ್ವಾಡಿಗಿ ಒರಗಿ ಕುಂದರ್ತಾರ. ಹೊಲದ ಕಡಿ ಮಾರಿನೇ ಮಾಡವಲ್ರು. ಸೋಮವಾರ ಭಜನಿ ತಪ್ಪಿಸ್ದವರಲ್ಲ, ಈಗ ಗುಡಿ ಕಟ್ಟಿಗೂ ಹೋಗಂಗಿಲ್ಲ.”

ಕಾಕಾ ತಲೆ ಎತ್ತದೆ ಒಂದೇ ಮಾತು ಅಂದರು: “ನಂದೇನು ಬಿಡ್ರಿ. ನಾ ಕೈ ಹಚ್ಚಿದ್ದೆಲ್ಲಾ ಒಣಗ್ತದ.”

ಹೊಲದಲ್ಲಿ ಆದದ್ದು

ಐದು ಎಕರೆ ಸ್ವಂತದ್ದು, ಎರಡು ಎಕರೆ ಲೀಸಿಗೆ ಹಿಡಿದದ್ದು. ಏಳಕ್ಕೆ ಏಳೂ ತೊಗರಿ. ಕಲಬುರಗಿ ಎಂದರೆ ತೊಗರಿಯ ಕಣಜ. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಸೂಚಕವೂ ಸಿಕ್ಕಿದೆ. ಬೆಳೆ ಚೆನ್ನಾಗಿ ಬಂದರೆ ಮೂವತ್ತು ಕ್ವಿಂಟಲ್ ಆಗಬೇಕು ಎನ್ನುವುದು ಕಾಕಾನ ಅಂದಾಜು. ಆ ವರ್ಷದ ಬೆಂಬಲ ಬೆಲೆ ಕ್ವಿಂಟಲ್‌ಗೆ 6,600 ರೂಪಾಯಿ. ಸೊಸೈಟಿ ಸಾಲ ಕಟ್ಟಿ, ಅಡತಿ ಅಂಗಡಿಯ ಕೈಗಡ ತೀರಿಸಿ, ಪುಣೆಯಲ್ಲಿ ದುಡಿಯುವ ಮಗನ ಮದುವೆಗೆ ಕೈಹಾಕುವ ಲೆಕ್ಕ ಇತ್ತು.

ಆ ಮುಂಗಾರು ಮಳೆ ಹೆಚ್ಚಾಗಿ ಹೊಲದಲ್ಲಿ ನೀರು ನಿಂತಿತು. ಆದರೂ ಗಿಡ ಎದೆಮಟ್ಟ ಬೆಳೆದು ಹೂವಾಯಿತು. ಕಾಯಿ ಕಟ್ಟುವ ಹೊತ್ತಿಗೆ ನೆಟೆ ರೋಗ ಕಾಣಿಸಿಕೊಂಡಿತು. ಇವತ್ತು ಒಂದು ಸಾಲಿನಲ್ಲಿ ನಾಲ್ಕು ಗಿಡ ಜೋತುಬಿದ್ದರೆ ವಾರ ಬಿಟ್ಟು ಸಾಲಿಗೆ ಸಾಲೇ ಒಣಗಿ ನಿಲ್ಲುತ್ತಿತ್ತು. ಈ ರೋಗದ ಕ್ರೂರತನ ಇರುವುದು ಅದರ ಸಮಯದಲ್ಲಿ: ಬೀಜ, ಗೊಬ್ಬರ, ಎಣ್ಣೆ (ಬೆಳೆ ಔಷಧಿ) ಹೊಡೆದದ್ದು, ಕಳೆ ತೆಗೆದ ಕೂಲಿ, ಎಲ್ಲ ಖರ್ಚು ಮುಗಿದ ಮೇಲೆ ಬರುತ್ತದೆ. ಕಾಕಾನಿಗೆ ರಾಶಿ ಮಾಡಿ ಸಿಕ್ಕಿದ್ದು ನಾಲ್ಕು ಕ್ವಿಂಟಲಿಗೂ ಕಡಿಮೆ. ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಆ ವರ್ಷ ಇದೇ ಆಯಿತು, ಸರ್ಕಾರ ಪರಿಹಾರ ಘೋಷಿಸುವಷ್ಟು.

ಕೋಣೆಯಲ್ಲಿ ಕಂಡದ್ದು

ಖಿನ್ನತೆ ಅಳೆಯಲಿಕ್ಕೆ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ. ಕಳೆದ ಎರಡು ವಾರ ನಿದ್ದೆ, ಹಸಿವು, ಆಸಕ್ತಿ, ದಣಿವು, ತನ್ನ ಬಗ್ಗೆ ತನಗೇ ಬೇಸರ, ಇವೆಲ್ಲ ಎಷ್ಟು ದಿನ ಕಾಡಿದವು ಎಂದು ಕೇಳಿ ಪ್ರತಿಯೊಂದಕ್ಕೂ 0ಯಿಂದ 3 ಅಂಕ ಕೊಡುವುದು. ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗಂಭೀರವಾಗಿ ನೋಡಬೇಕು. ಕಾಕಾನಿಗೆ 16 ಬಂತು. ಮನೋವೈದ್ಯರು ಅದೇ ದಿನ ನೋಡಿ ಖಿನ್ನತೆ ಎಂದು ಖಚಿತಪಡಿಸಿದರು, ಒಂದು ಗುಳಿಗೆ ಬರೆದರು, ಅದರ ಗುಣ ಕಾಣಲಿಕ್ಕೆ ಎರಡು ಮೂರು ವಾರವಾದರೂ ಬೇಕು ಎಂದು ತಿಳಿಸಿ ಹೇಳಿದರು. ಮುಂದೆ ನಾನು ಬರೆಯುವ ಎಲ್ಲದರ ಬೆನ್ನಿಗೆ ಆ ಗುಳಿಗೆಯೂ ಇತ್ತು. ಮಾತೊಂದರಿಂದಲೇ ಎಲ್ಲ ಆಯಿತು ಎಂದು ಯಾರೂ ತಿಳಿಯಬಾರದು.

ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು. ಇದನ್ನು ಕೇಳಿದರೆ ಇಲ್ಲದ ವಿಚಾರ ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆ ಹಲವರಿಗಿದೆ. ಅದು ತಪ್ಪು. ನೇರವಾಗಿ ಕೇಳಿದಾಗ ಬಹಳ ಜನಕ್ಕೆ ಹಗುರವೆನಿಸುತ್ತದೆ. ಕಾಕಾ ಕಾಕುವಿನ ಮುಖ ನೋಡಿ, ಆಮೇಲೆ ನನ್ನ ಕಡೆ ತಿರುಗಿ, “ಬದುಕಿ ಏನು ಮಾಡೋದದ ಅಂತ ಒಮ್ಮೊಮ್ಮಿ ಅನಸ್ತದ್ರಿ. ಅದರ ಮ್ಯಾಲ ಏನಿಲ್ಲ,” ಎಂದರು. ಅವರು ಏನನ್ನೂ ಯೋಜಿಸಿರಲಿಲ್ಲ. ಆದರೂ ಮನೆಯಲ್ಲಿ ಉಳಿದಿದ್ದ ಬೆಳೆ ಔಷಧಿಯ ಡಬ್ಬಿಗಳನ್ನೆಲ್ಲ ಅವತ್ತೇ ಕಾಕಾನ ತಮ್ಮನ ಮನೆಗೆ ಸಾಗಿಸಿ ಬೀಗ ಹಾಕಿಸಿದೆವು. ತಮಿಳುನಾಡಿನಲ್ಲಿ ಡಾ. ಲಕ್ಷ್ಮಿ ವಿಜಯಕುಮಾರ್ ಮತ್ತು ಸಂಗಡಿಗರು ಹಳ್ಳಿಯ ಕೀಟನಾಶಕವನ್ನೆಲ್ಲ ಒಂದೇ ಕಡೆ ಬೀಗದೊಳಗೆ ಇಡುವ ಪ್ರಯೋಗ ಮಾಡಿ 2013ರಲ್ಲಿ ಅದರ ವರದಿ ಕೊಟ್ಟಿದ್ದಾರೆ. ಕೈಗೆ ಸಿಗದಂತೆ ಮಾಡುವುದೇ ಎಷ್ಟೋ ಜೀವ ಉಳಿಸುತ್ತದೆ. ಆ ಅಕ್ಟೋಬರ್‌ನಲ್ಲಷ್ಟೇ ಶುರುವಾಗಿದ್ದ ಟೆಲಿ-ಮಾನಸ್ ಸಹಾಯವಾಣಿಯ 14416 ನಂಬರನ್ನು ಕಾಕುವಿನ ಫೋನಿನಲ್ಲಿ ಮೊದಲ ಹೆಸರಾಗಿ ಉಳಿಸಿಕೊಟ್ಟೆ. ಹಗಲು ರಾತ್ರಿ ಯಾವಾಗ ಬೇಕಾದರೂ ಅಲ್ಲಿ ಕನ್ನಡದಲ್ಲಿ ಮಾತಾಡಬಹುದು.

ಎಲ್ಲರೂ ಹೇಳಿದ ಧೈರ್ಯ

ಕಾಕಾನಿಗೆ ಧೈರ್ಯ ಹೇಳದವರೇ ಇರಲಿಲ್ಲ. ಮಗ ದಿನಾ ರಾತ್ರಿ ಪುಣೆಯಿಂದ ಫೋನ್ ಮಾಡಿ “ಪಪ್ಪಾ, ಟೆನ್ಶನ್ ತಗೋಬ್ಯಾಡ” ಅನ್ನುತ್ತಿದ್ದ. ಭಾವನೆಂಟರು ವಾಟ್ಸ್‌ಆ್ಯಪ್‌ನಲ್ಲಿ ಸೂರ್ಯೋದಯದ ಚಿತ್ರದ ಕೆಳಗೆ ಸುವಿಚಾರ ಕಳಿಸುತ್ತಿದ್ದರು. ಊರಿನವರು “ನಿನಗೊಬ್ಬಂಗೇ ಆಗ್ಯದೇನು, ಛಲೋ ವಿಚಾರ ಮಾಡು” ಎನ್ನುತ್ತಿದ್ದರು. ಎಲ್ಲರದೂ ಕಕ್ಕುಲಾತಿಯೇ. ಆದರೆ ಪ್ರತಿ ಮಾತಿನ ನಂತರ ಕಾಕಾ ಇನ್ನಷ್ಟು ಒಳಗೆ ಸರಿಯುತ್ತಿದ್ದರು. “ಎಲ್ಲಾರಿಗೂ ತಡ್ಕೊಳ್ಳಾಕ ಆಗ್ತದ, ನನಗಷ್ಟೇ ಆಗವಲ್ದು” ಎಂಬ ಹೊಸ ಆರೋಪವೊಂದು ತಮ್ಮ ಮೇಲೆ ತಾವೇ ಹೊರಿಸಿಕೊಂಡಿದ್ದರು.

ಇದಕ್ಕೆ ಸಂಶೋಧನೆಯ ಆಧಾರವೂ ಇದೆ. 2009ರಲ್ಲಿ ಮನಶ್ಶಾಸ್ತ್ರಜ್ಞೆ ಜೋಆನ್ ವುಡ್ ಮತ್ತು ಸಂಗಡಿಗರು, ತಮ್ಮ ಬಗ್ಗೆ ತಮಗೆ ಗೌರವ ಕಡಿಮೆ ಇರುವವರು ‘ನಾನು ಪ್ರೀತಿಗೆ ಯೋಗ್ಯ’ ಎಂಬಂಥ ಒಳ್ಳೆಯ ಮಾತನ್ನು ತಮಗೆ ತಾವೇ ಹೇಳಿಕೊಂಡಾಗ ಮನಸ್ಸು ಏಳುವ ಬದಲು ಇನ್ನೂ ಕುಗ್ಗಿದ್ದನ್ನು ತೋರಿಸಿದರು. ಹೇಳುವ ಮಾತಿಗೂ ಒಳಗಿನ ನಂಬಿಕೆಗೂ ಅಂತರ ಬಹಳವಾದರೆ ಮನಸ್ಸು ಆ ಮಾತನ್ನು ತಳ್ಳಿಹಾಕುತ್ತದೆ. ಏಳು ಎಕರೆ ಒಣಗಿದವನಿಗೆ ‘ಎಲ್ಲಾ ಛಲೋ ಆಗ್ತದ’ ಎಂದರೆ ಅದು ಅವನ ನಷ್ಟವನ್ನೇ ಅಲ್ಲಗಳೆದಂತೆ ಕೇಳುತ್ತದೆ. ಆದ್ದರಿಂದ ಮನೆಯವರಿಗೆ ನಾನು ಕೇಳಿಕೊಂಡ ಮೊದಲ ಸಂಗತಿ ಇಷ್ಟೇ: ಒಂದು ತಿಂಗಳು ಯಾರೂ ಧೈರ್ಯ ಹೇಳಬೇಡಿ. ಏನು ಹೋಯಿತು ಎಂದು ಕೇಳಿ, ಅವರು ಹೇಳಿದ್ದನ್ನು ಕೇಳಿಸಿಕೊಳ್ಳಿ. ಮಗನಿಗೆ ಇದು ಕಷ್ಟವಾಯಿತು. “ಮತ್ತ ಫೋನಿನ್ಯಾಗ ಏನು ಮಾತಾಡ್ಲಿ ಮೇಡಂ?” ಎಂದ. ಎಮ್ಮೆ ಎಷ್ಟು ಹಾಲು ಕೊಟ್ಟಿತು ಅಂತ ಕೇಳಪ್ಪಾ ಎಂದೆ.

ವಹಿ

ಕಾಕಾ ಏಳನೆಯ ತರಗತಿವರೆಗೆ ಓದಿದವರು, ಕೈಬರಹ ಮುತ್ತಿನಂಥದು. ವರ್ಷವರ್ಷವೂ ಹೊಲದ ಖರ್ಚನ್ನು ಕೆಂಪು ರಟ್ಟಿನ ಉದ್ದನೆಯ ವಹಿಯಲ್ಲಿ ಬರೆದಿಡುವ ರೂಢಿ. ಅಕ್ಟೋಬರ್ ನಂತರ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಅದನ್ನೇ ತರಿಸಿದೆ. ಹೊಸ ಪುಟದ ನಡುವೆ ಒಂದು ಗೆರೆ ಎಳೆದೆವು. ಎಡಕ್ಕೆ ‘ಹೋದದ್ದು’, ಬಲಕ್ಕೆ ‘ಉಳಿದದ್ದು’. ಹೋದದ್ದನ್ನು ಮೊದಲು ಬರೆಯಬೇಕು, ಪೂರಾ ಬರೆಯಬೇಕು, ಒಂದನ್ನೂ ಸಣ್ಣದು ಮಾಡಬಾರದು ಎಂದು ಹೇಳಿದೆ.

ಎಡಗಡೆ ತುಂಬಿತು. ಬೀಜ, ಗೊಬ್ಬರ, ಎಣ್ಣೆ, ಲೀಸಿನ ದುಡ್ಡು, ಬಡ್ಡಿ, ಮಗನ ಮದುವೆ ಮುಂದೆ ಹೋದದ್ದು. ಎಲ್ಲದರ ಕೊನೆಗೆ, ಪೆನ್ನು ಬಹಳ ಹೊತ್ತು ಹಿಡಿದು, ‘ಬೋರಮಾಳ’ ಎಂದು ಬರೆದರು. ಎಣ್ಣೆ ತರಲಿಕ್ಕೆ ರೊಕ್ಕ ಸಾಲದೆ ಸೆಪ್ಟೆಂಬರ್‌ನಲ್ಲಿ ಕಾಕುವಿನ ಕೊರಳಿನ ಬಂಗಾರದ ಸರ ಬೋರಮಾಳವನ್ನು ಒತ್ತೆ ಇಟ್ಟಿದ್ದರು. ಕಾಕು ತಾವೇ ಬಿಚ್ಚಿಕೊಟ್ಟಿದ್ದರು, ಆ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಕಾಕಾನಿಗೆ ಆ ಮೌನವೇ ಮುಳ್ಳಾಗಿತ್ತು. ಬೀಗರ ಮನೆ ಕಾರ್ಯಕ್ಕೆ ಹೋಗದಿದ್ದದ್ದು, ಭಜನೆ ಬಿಟ್ಟದ್ದು, ಯಾರ ಮುಖವನ್ನೂ ನೋಡದಿದ್ದದ್ದು, ಎಲ್ಲದರ ಬುಡದಲ್ಲಿ ಬೆಳೆಗಿಂತ ಹೆಚ್ಚಾಗಿ ಇದು ಇತ್ತು: ಹೆಂಡತಿಯ ಬರಿಗೊರಳನ್ನು ನೆಂಟರು ನೋಡಿಬಿಡುತ್ತಾರೆ ಎಂಬ ನಾಚಿಕೆ. ಎಡಗಡೆ ಪೂರ್ತಿ ಬರೆಸದಿದ್ದರೆ ಇದು ಹೊರಗೆ ಬರುತ್ತಲೇ ಇರಲಿಲ್ಲ.

ಬಲಗಡೆ ಖಾಲಿ. “ಏನಿಲ್ರಿ,” ಎಂದರು. ನಾನೂ ಒತ್ತಾಯಿಸಲಿಲ್ಲ. ಮನಸ್ಸು ಕುಗ್ಗಿದಾಗ ನೆನಪೂ ಅದೇ ಬಣ್ಣದ್ದನ್ನೇ ಆರಿಸಿ ತರುತ್ತದೆ. ಮನಃಸ್ಥಿತಿಗೆ ತಕ್ಕಂತೆ ನೆನಪು ಬರುವ ಈ ಗುಣವನ್ನು ಮನಶ್ಶಾಸ್ತ್ರಜ್ಞ ಗೋರ್ಡನ್ ಬೋವರ್ 1981ರಲ್ಲಿಯೇ ವಿವರಿಸಿದ್ದರು. ಕುಳಿತು ಯೋಚಿಸಿದರೆ ಆ ಬದಿ ತುಂಬುವುದಿಲ್ಲ. ಏನಾದರೂ ಮಾಡಿದರೆ ಮಾತ್ರ ಅಲ್ಲಿ ಬರೆಯಲಿಕ್ಕೆ ಏನಾದರೂ ಹುಟ್ಟುತ್ತದೆ.

ಹೀಗಾಗಿ ಕೆಲಸದಿಂದ ಶುರು ಮಾಡಿದೆವು. ಮನಸ್ಸು ಬಂದ ಮೇಲೆ ಕೆಲಸ ಎನ್ನುವುದನ್ನು ತಿರುವಿ, ಕೆಲಸ ಮಾಡುತ್ತ ಮನಸ್ಸನ್ನು ಕರೆಯುವ ಈ ದಾರಿಯನ್ನು ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್‌ಸನ್ 1970ರ ದಶಕದಲ್ಲಿ ರೂಪಿಸಿದರು. ಗೋವಾದಲ್ಲಿ ಡಾ. ವಿಕ್ರಂ ಪಟೇಲ್ ಅವರ ತಂಡ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು, ಆರರಿಂದ ಎಂಟು ಭೇಟಿಗಳಲ್ಲಿ ಇದನ್ನು ಮಾಡಿಸಿ, ತೀವ್ರ ಖಿನ್ನತೆಯಲ್ಲೂ ಫಲ ಸಿಗುತ್ತದೆ ಎಂದು 2017ರಲ್ಲಿ ತೋರಿಸಿತು. ನಮ್ಮಂಥ ತಾಲ್ಲೂಕುಗಳಿಗೆ ಇದಕ್ಕಿಂತ ದೊಡ್ಡ ಸಮಾಧಾನದ ಸುದ್ದಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಕಾಕಾನಿಗೆ ಅತಿ ಕಠಿಣ ಹೊತ್ತು ನಸುಕು. ಮೂರಕ್ಕೆ ಎಚ್ಚರ, ಬೆಳಕು ಹರಿಯುವವರೆಗೆ ಗೋಡೆಗೆ ಒರಗಿ ಅದದೇ ಲೆಕ್ಕ. ಈ ಕಾಯಿಲೆಯಲ್ಲಿ ಬೆಳಗಿನ ಜಾವವೇ ಹೀಗೆ ಭಾರವಾಗುವುದುಂಟು. ಒಪ್ಪಂದ ಸರಳವಾಗಿತ್ತು: ಎಚ್ಚರವಾದರೆ ಗೋಡೆಗೆ ಒರಗುವಂತಿಲ್ಲ. ದಂದಕ್ಕಿಗೆ (ದನದ ಕೊಟ್ಟಿಗೆಗೆ) ಹೋಗಿ ಸಗಣಿ ಬಳಿದು, ಎಮ್ಮೆಗೆ ಕಣಿಕೆ ಹಾಕಿ, ಮೈ ತಿಕ್ಕಬೇಕು. ಹಾಲು ಕರೆದ ಮೇಲೆ ಡೇರಿಗೆ ತಾವೇ ಒಯ್ಯಬೇಕು. ಖುಷಿಯಾಗಬೇಕೆಂದಿಲ್ಲ, ಆದರೆ ಮಾಡಬೇಕು, ಮಾಡಿದ್ದನ್ನು ಬಲಗಡೆ ಬರೆಯಬೇಕು. ಮೊದಲ ವಾರದ ಬರಹ ಹೀಗಿದೆ: ‘ಎಮ್ಮಿ ಮೈ ತೊಳದೆ. ಹಾಲು ಮೂರು ಲೀಟರ್. ಬ್ಯಾಸರ ಹೋಗಿಲ್ಲ.’ ಆ ಕೊನೆಯ ಎರಡು ಪದ ನನಗೆ ಬಹಳ ಹಿಡಿಸಿದವು. ಸುಳ್ಳು ಬರೆಯುತ್ತಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಡಿಸೆಂಬರ್ 23ಕ್ಕೆ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಸೀಮೆಯಲ್ಲಿ ಅವತ್ತು ಮನೆಯಲ್ಲಿ ಯಾರೂ ಉಳಿಯುವುದಿಲ್ಲ. ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಯ ನಡುವೆ ಚರಗ, ಅಂದರೆ ಭೂತಾಯಿಗೆ ಆ ಅಡುಗೆಯ ಎಡೆ, ಚೆಲ್ಲುತ್ತಾರೆ. “ಒಣಗಿದ ಹೊಲಕ್ಕ ಯಾವ ಮಾರಿ ತಗೊಂಡು ಚರಗ ಚೆಲ್ಲಲಿ?” ಎಂದು ಕಾಕಾ ಹಟ ಹಿಡಿದರು. ಹೋಗಲೇಬೇಕೆಂದು ನಾನು ಹೇಳಲಿಲ್ಲ. ಹಬ್ಬ ಮಾಡುವ ಮನಸ್ಸಿಲ್ಲದಿದ್ದರೆ ಬೇಡ, ಒಣಗಿದ ಕಟಿಗೆ ಕಡಿದು ತರಲಿಕ್ಕಾದರೂ ಹೋಗಬಹುದಲ್ಲ ಎಂದೆ. ಕೊಡಲಿ ಹಿಡಿದು ಹೋದರು. ಕಾಕು ಬುತ್ತಿ ಹೊತ್ತು ಹಿಂದೆ ಹೋದರು. ಪಕ್ಕದ ಹೊಲದವರು ಕರೆದರಂತೆ; ಅವರ ತೊಗರಿಯೂ ಅರ್ಧ ಒಣಗಿತ್ತು. ಎರಡು ಮನೆಯವರು ಒಟ್ಟಿಗೆ ಉಂಡರು. ಚರಗವನ್ನು ಕಾಕುವೇ ಚೆಲ್ಲಿದರು. ಅವತ್ತು ಬಲಗಡೆ ಬರೆದದ್ದು: ‘ಕಟಗಿ ಒಂದು ಬಂಡಿ. ವರ್ಷದ ಒಲಿಗಿ ಸಾಕು. ಭಜ್ಜಿ ಉಂಡೆ.’

ಸೀಳಿದ ಕಾಂಡ

ಇಡೀ ಪ್ರಕರಣ ತಿರುಗಿದ್ದು ಜನವರಿಯಲ್ಲಿ, ನನ್ನ ಕೋಣೆಯಲ್ಲಿ ಅಲ್ಲ, ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ. ಇದು ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ತೊಗರಿಯ ಮೇಲೆ ಬಹುಕಾಲದಿಂದ ಕೆಲಸ ಮಾಡಿದೆ. ಒಣಗಿದ ನಾಲ್ಕು ಗಿಡ ಬೇರುಸಹಿತ ಕಿತ್ತು ಅಲ್ಲಿಗೆ ಒಯ್ಯುವುದು ಕಾಕಾನಿಗೆ ಆ ವಾರದ ಕೆಲಸವಾಗಿತ್ತು. ಅವರ ತಮ್ಮನೂ ಜೊತೆಗೆ ಹೋದ.

ಅಲ್ಲಿಯ ವಿಜ್ಞಾನಿ ಕಾಂಡವನ್ನು ಬುಡದಿಂದ ಉದ್ದಕ್ಕೆ ಸೀಳಿ ತೋರಿಸಿದರು. ಸಿಪ್ಪೆಯ ಕೆಳಗೆ ಕಟಿಗೆಯ ಉದ್ದಕ್ಕೂ ಕಪ್ಪು-ಕಂದು ಗೆರೆ ಓಡಿತ್ತು. ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ನೀರು ಏರುವ ನಾಳಗಳನ್ನೇ ಕಟ್ಟುತ್ತದೆ. ಮಣ್ಣಿನಲ್ಲಿ ತೇವವಿದ್ದರೂ ಗಿಡ ಬಾಯಾರಿ ಸಾಯುತ್ತದೆ. ಹಳೆಯ ಬೇರು, ಕೂಳೆಯಲ್ಲಿ ಅದು ವರ್ಷಗಟ್ಟಲೆ ಬದುಕಿರುತ್ತದೆ. ಅದೇ ಹೊಲದಲ್ಲಿ ತೊಗರಿಯ ಮೇಲೆ ತೊಗರಿ ಹಾಕಿದರೆ ರೋಗ ಹೆಚ್ಚುತ್ತಲೇ ಹೋಗುತ್ತದೆ. ಜೋಳದೊಂದಿಗೆ ಬೆಳೆ ಬದಲಿಸಿದರೆ ಕಡಿಮೆಯಾಗುತ್ತದೆ. ಬೀಜಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಲೇಪಿಸಬೇಕು, ತಿಪ್ಪೆಗೊಬ್ಬರದಲ್ಲಿ ಬೆರೆಸಿ ಹೊಲಕ್ಕೂ ಹಾಕಬೇಕು. ನೆಟೆ ತಡೆಯುವ ಟಿಎಸ್-3ಆರ್, ಜಿಆರ್‌ಜಿ-811ರಂಥ ತಳಿಗಳನ್ನು ಈ ಕೇಂದ್ರವೇ ಕೊಟ್ಟಿದೆ.

ಮುಂದಿನ ಮಂಗಳವಾರ ಕಾಕಾ ಬಂದಾಗ ಮೊದಲ ಸಲ ತಾವೇ ಮಾತು ತೆಗೆದರು. “ನಂದೂ ತಪ್ಪದರಿ ಮೇಡಂ. ಐದಾರು ವರ್ಷ ಬರೇ ತೊಗರಿನೇ ಹಾಕೀನಿ. ಬೀಜಕ್ಕ ಏನೂ ಹಚ್ಚಿಲ್ಲ.”

ಇಲ್ಲಿ ಯಾರಾದರೂ ಥಟ್ಟನೆ “ಛೇ, ನಿಂದೇನು ತಪ್ಪಿಲ್ಲ ಬಿಡು” ಎನ್ನುತ್ತಾರೆ. ಅದು ಪ್ರೀತಿಯ ಮಾತು, ಆದರೆ ನಿಜವಲ್ಲ. 1978ರಲ್ಲಿ ಅಬ್ರಾಮ್ಸನ್, ಸೆಲಿಗ್‌ಮನ್ ಮತ್ತು ಟೀಸ್‌ಡೇಲ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಮುಖ್ಯ ವಿಚಾರ ಮುಂದಿಟ್ಟರು: ಕೆಟ್ಟದ್ದು ನಡೆದಾಗ ಅದಕ್ಕೆ ಕಾರಣ ನಾನೇ, ಅದು ಯಾವಾಗಲೂ ಹೀಗೇ, ಬದುಕಿನ ಎಲ್ಲದರಲ್ಲೂ ಹೀಗೇ ಎಂದು ನಂಬಿದವರು ಖಿನ್ನತೆಗೆ ಬೇಗ ಜಾರುತ್ತಾರೆ. ಕಾಕಾ ಡಿಸೆಂಬರ್‌ನಲ್ಲಿ ನಂಬಿದ್ದು ಇದನ್ನೇ. ಅವರ ಕೈಯೇ ಕೆಟ್ಟದ್ದು, ಅದಕ್ಕೆ ಮದ್ದಿಲ್ಲ. ಜನವರಿಯಲ್ಲಿ ಹೇಳಿದ್ದೂ ತಪ್ಪಿನ ಮಾತೇ. ಆದರೆ ಈಗ ತಪ್ಪಿಗೆ ಅಳತೆ ಇತ್ತು. ಬೆಳೆ ಬದಲಿಸದ್ದು ಒಂದು, ಬೀಜೋಪಚಾರ ಮಾಡದ್ದು ಇನ್ನೊಂದು. ಎರಡೂ ಮುಂದಿನ ಜೂನ್‌ನಲ್ಲಿ ಸರಿಪಡಿಸಬಹುದಾದವು.

ಅವತ್ತು ವಹಿಯ ಎಡಗಡೆಯನ್ನೇ ಮತ್ತೆ ತೆಗೆದೆವು. ಪ್ರತಿ ಸಾಲಿನ ಎದುರು ಕಾಕಾ ಒಂದೊಂದು ಗುರುತು ಹಾಕಿದರು: ಮಳೆಯದು, ಮಣ್ಣಿನದು, ಪೇಟೆಯದು, ನಂದು. ‘ನಂದು’ ಎಂದು ಬಿದ್ದವು ಎಣಿಸಿದರೆ ಕೆಲವೇ. ಆ ಕೆಲವನ್ನು ಅವರಿಂದ ಕಸಿದುಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಎಲ್ಲ ತಪ್ಪೂ ಮಳೆಯದೇ ಆದರೆ ರೈತನ ಕೈಯಲ್ಲಿ ಮಾಡಲಿಕ್ಕೆ ಏನೂ ಉಳಿಯುವುದಿಲ್ಲ. ಕಾಕಾನಿಗೆ ಭರವಸೆ ಬಂದದ್ದು ತನ್ನ ಪಾಲಿನ ತಪ್ಪಿನಿಂದಲೇ, ಅದರ ಗಾತ್ರ ಸರಿಯಾಗಿ ತಿಳಿದದ್ದರಿಂದ. ‘ಬೋರಮಾಳ’ದ ಎದುರು ಅವರು ‘ನಂದು’ ಎಂದು ಬರೆಯಹೊರಟಾಗ ಪಕ್ಕದಲ್ಲಿದ್ದ ಕಾಕು ಪೆನ್ನು ಹಿಡಿದು ನಿಲ್ಲಿಸಿದರು. “ಇಬ್ಬರದೂ ಅಂತ ಬರೀರಿ. ಹೊಲ ನಿಮ್ದೊಬ್ಬರದೇನು?” ಆ ಮಾತಿನ ಎದುರು ನಾನು ಹೇಳಬೇಕಾದದ್ದೇನೂ ಇರಲಿಲ್ಲ.

ಆಮೇಲೆ

ಫೆಬ್ರವರಿಯಲ್ಲಿ ಸೋಮವಾರದ ಭಜನೆಗೆ ಹೋಗಲು ಶುರು ಮಾಡಿದರು. ಮೊದಲು ಬರೀ ಕೂತು ಬರುತ್ತಿದ್ದರು, ಆಮೇಲೆ ತಾಳ ಹಿಡಿದರು. ನಿದ್ದೆ ಐದರವರೆಗೆ ಬಂತು. ಮಾರ್ಚ್ ಕೊನೆಗೆ ಪಿಎಚ್‌ಕ್ಯೂ-9 ಅಂಕ 7. ಗುಣವಾಯಿತೆಂದು ಗುಳಿಗೆ ತಾವೇ ನಿಲ್ಲಿಸಬಾರದು, ಚೇತರಿಸಿಕೊಂಡ ಮೇಲೂ ಕನಿಷ್ಠ ಆರು ತಿಂಗಳು ತೆಗೆದುಕೊಳ್ಳಬೇಕು ಎಂದು ಮನೋವೈದ್ಯರು ಕಾಕುವಿಗೂ ಹೇಳಿ ಕಳಿಸಿದರು.

ಲೀಸಿನ ಎರಡು ಎಕರೆ ಬಿಟ್ಟುಕೊಟ್ಟರು. ಸ್ವಂತ ಐದರಲ್ಲಿ ಮೂರಕ್ಕೆ ಮುಂಗಾರಿನಲ್ಲಿ ಹೆಸರು, ಅದು ತೆಗೆದ ಮೇಲೆ ಹಿಂಗಾರಿ ಜೋಳ. ಎರಡಕ್ಕೆ ಮಾತ್ರ ಟಿಎಸ್-3ಆರ್ ತೊಗರಿ ಎಂದು ಯೋಜನೆಯಾಯಿತು. ಆದರೆ 2023ರ ಜೂನ್‌ನಲ್ಲಿ ಮಳೆಯೇ ಬರಲಿಲ್ಲ. ಹೆಸರು ಬಿತ್ತುವ ಹೊತ್ತು ಮೀರಿತು. ಜುಲೈ ಮಳೆಗೆ ತೊಗರಿ ಬಿತ್ತಿದರು, ಆಗಸ್ಟ್ ಮತ್ತೆ ಒಣಗಿತು, ಸೆಪ್ಟೆಂಬರ್‌ನಲ್ಲಿ ಸರ್ಕಾರ ಬರ ಘೋಷಿಸಿತು. ಆ ದಿನಗಳಲ್ಲಿ ಕಾಕಾ ಮತ್ತೆ ಮಂಕಾದರು, ಮೂರಕ್ಕೆ ಎಚ್ಚರವಾಗುವುದು ಮರಳಿತು. ಈ ಸಲ ಯಾರೂ ಕರೆತರಲಿಲ್ಲ. ಬಸ್ಸು ಹತ್ತಿ ತಾವೇ ಬಂದರು, ವಹಿ ಬಗಲಲ್ಲಿತ್ತು. ಅಂಕ 9. ಎಡಗಡೆ ‘ಹೆಸರು ಹೋಯ್ತು’, ಎದುರಿಗೆ ‘ಮಳಿದು’. ಬಲಗಡೆ ಇದ್ದದ್ದು: ‘ಎಮ್ಮಿ ಈದದ. ತೊಗರಿ ನಿಂತದ, ನೆಟಿ ಇಲ್ಲ. ಜೋಳಕ್ಕ ಹೊಲ ಹದ ಮಾಡೀನಿ.’

ಗುಳಿಗೆ ಮುಂದುವರಿದಿದೆ. ಬೋರಮಾಳ ಇನ್ನೂ ಒತ್ತೆಯಲ್ಲೇ ಇದೆ, ಬಡ್ಡಿ ಮಾತ್ರ ಹಾಲಿನ ರೊಕ್ಕದಲ್ಲಿ ತಿಂಗಳಿಗೆ ತಿಂಗಳು ಕಟ್ಟಿದ್ದಾರೆ. ಮಗನ ಮದುವೆ ಮುಂದಿನ ವರ್ಷಕ್ಕೆ ಎಂದು ಬೀಗರಿಗೆ ಕಾಕಾ ತಾವೇ ಹೋಗಿ ಹೇಳಿ ಬಂದರು. ಇಷ್ಟು ದಿನ ಗಂಡನ ಜೊತೆಗಾರ್ತಿಯಾಗಿ ಬರುತ್ತಿದ್ದ ಕಾಕು ಅಕ್ಟೋಬರ್‌ನಲ್ಲಿ ತಮ್ಮ ಹೆಸರಿನಲ್ಲಿ ಚೀಟಿ ಮಾಡಿಸಿದರು. ವರ್ಷದಿಂದ ಅವರಿಗೂ ನಿದ್ದೆ ಸರಿಯಿಲ್ಲ. ಅವರ ಕಡತ ಬೇರೆ ತೆರೆದಿದ್ದೇನೆ.